ಮೂರನೆಯ ಅಧ್ಯಾಯದ ಕೊನೆಯಲ್ಲಿ ನೇತಾಡುತ್ತಿರುವವನ ಅಹವಾಲು

ತೇಲುವ ಹದಿನಾಲ್ಕು ದ್ವೀಪಗಳನ್ನು ಹುಟ್ಟಿಸಿದವರೂ, ಎರಡು ಚಂದ್ರರನ್ನು ಸಾಕುತ್ತಿರುವವರೂ, ನಲವತ್ತಮೂರು ಗಾಳಿಗಳಿಗೆ ಬೇರೆ ಬೇರೆ ಹೆಸರಿಟ್ಟವರೂ, ಇನ್ನೂ ಮುಗಿಯದ ಕಾದಂಬರಿಯೊಂದರ ಲೇಖಕಿಯೂ ಆದ ತಮ್ಮ ಮೇಜಿನ ಸನ್ನಿಧಿಗೆ, ಸ್ವಲ್ಪ ಕೆಳಗಿನಿಂದ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಬಾವಿ ತೋಡುತ್ತ ತೋಡುತ್ತ ದ್ವೀಪದ ತಳವನ್ನೇ ತೂತು ಮಾಡಿ, ಆ ತೂತಿನಿಂದ ಜಾರಿ, ಸೊಂಟದ ಹಗ್ಗವನ್ನು ಹಿಡಿದುಕೊಂಡು ದ್ವೀಪದ ಅಡಿಯ ಆಕಾಶದಲ್ಲಿ ನೇತುಬಿದ್ದ ಒಬ್ಬ ಮನುಷ್ಯ ತಮಗೆ ನೆನಪಿರಬಹುದು. ನಾನೇ ಅವನು. ‘ಅವನ ಬಲಗೈ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು, ಹಗ್ಗದಲ್ಲಿ ಇನ್ನು ಒಂದೇ ಎಳೆ ಉಳಿದಿತ್ತು’ ಎಂದು ಬರೆದು ತಾವು ಪೆನ್ನಿಗೆ ಮುಚ್ಚಳ ಹಾಕಿ ಇವತ್ತಿಗೆ ಆರು ವರ್ಷ, ಎರಡು ತಿಂಗಳು, ಒಂಬತ್ತು ದಿನ. ನನ್ನ ಎಡಗೈ ಏನು ಮಾಡುತ್ತಿತ್ತು ಎಂಬುದನ್ನು ತಾವು ಎಲ್ಲಿಯೂ ಹೇಳಿಲ್ಲವಾದ್ದರಿಂದ, ಆ ಔದಾರ್ಯವನ್ನು ಬಳಸಿಕೊಂಡು, ಹಸ್ತಪ್ರತಿಯ ಅಂಚಿನಲ್ಲಿ ತಾವು ಖಾಲಿ ಬಿಟ್ಟಿರುವ ಜಾಗದಲ್ಲಿ ಎಡಗೈಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ನನ್ನ ತಪ್ಪಲ್ಲ. ತಮ್ಮ ಹದಿನೇಳನೆಯ ಗಾಳಿ ಈಗತಾನೇ ಈ ಕಡೆಯಿಂದ ಹಾದುಹೋಯಿತು.

ಮೊದಲಿಗೆ ತಮ್ಮನ್ನು ಅಭಿನಂದಿಸಬೇಕು. ಈ ಆರು ವರ್ಷಗಳಲ್ಲಿ ತಾವು ಒಂದು ದಿನವೂ ಸುಮ್ಮನೆ ಕೂತವರಲ್ಲ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ತಮಗಿರುವುದರಿಂದ, ಮತ್ತು ಮೂರನೆಯ ಅಧ್ಯಾಯ ಗಾಜಿನ ಗುಂಡೊಂದರ ಕೆಳಗೆ ಮೇಜಿನ ಮೇಲೆ ಸದಾ ತೆರೆದೇ ಇರುವುದರಿಂದ, ತಮ್ಮ ಕೋಣೆಯ ವ್ಯವಹಾರವೆಲ್ಲ ನನಗೆ ಕಾಣುತ್ತದೆ, ಕೇಳುತ್ತದೆ. ಹನ್ನೊಂದು ನೋಟುಪುಸ್ತಕ ತುಂಬಿವೆ. ಗೋಡೆಯ ಮೇಲೆ ನಾಲ್ಕು ನಕಾಶೆ. ದ್ವೀಪದ ರಾಜಕುಮಾರನ ಹಿಂದಿನ ಹತ್ತೊಂಬತ್ತು ತಲೆಮಾರಿನವರು ಏನು ಉಡುತ್ತಿದ್ದರು, ಯಾವ ಕಾಯಿಲೆಯಿಂದ ಸತ್ತರು ಎಂಬುದೆಲ್ಲ ಆರನೆಯ ಪುಸ್ತಕದಲ್ಲಿದೆ. ಸತ್ತವರ ಆರೋಗ್ಯದ ಬಗ್ಗೆ ಇಷ್ಟು ಕಾಳಜಿ ಇರುವವರನ್ನು ನಾನು ಬೇರೆ ಕಂಡಿಲ್ಲ. ಬದುಕಿರುವವರ ಸರದಿ ಯಾವಾಗ ಎಂದು ಕೇಳುವಷ್ಟು ದುಡುಕು ನನ್ನದಲ್ಲ.

ನನ್ನ ಕಸುಬು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ತಾವು ನನಗೆ ಅಪ್ಪನನ್ನೇ ಕೊಡಲಿಲ್ಲ, ಇನ್ನು ಗುರುವನ್ನು ಎಲ್ಲಿಂದ ತರಲಿ? ಬಿದ್ದು ಎದ್ದು ನಾನೇ ಕಲಿತೆ. ಈ ಕೆಲಸದಲ್ಲಿ ಒಂದು ಕ್ರಮವಿದೆ: ಪ್ರತಿ ಮೂರಡಿ ತೋಡಿದ ಮೇಲೆ ಹಾರೆ ಪಕ್ಕಕ್ಕಿಟ್ಟು, ನೆಲಕ್ಕೆ ಕಿವಿ ಹಚ್ಚಿ, ಬೆರಳ ಗಂಟಿನಿಂದ ತಟ್ಟಿ ಕೇಳಬೇಕು. ಮಣ್ಣು ಗಟ್ಟಿಯಾಗಿ ಉತ್ತರ ಕೊಟ್ಟರೆ ಮುಂದುವರಿಯಬೇಕು, ಡೊಳ್ಳಿನಂಥ ಟೊಳ್ಳು ಶಬ್ದ ಬಂದರೆ ಅಂದಿನ ಕೆಲಸ ಅಲ್ಲಿಗೇ ಮುಗಿಯಿತು. ಮೂವತ್ತಾರನೆಯ ಅಡಿಯಲ್ಲಿ ಟೊಳ್ಳು ಶಬ್ದ ಬಂತು. ನಾನು ಕೂಗಿ ಹೇಳಿದೆ ಕೂಡ. ಮೇಲೆ ನಿಂತಿದ್ದ ದ್ವೀಪದ ಯಜಮಾನರ ಬಾಯಲ್ಲಿ ತಾವು “ಇನ್ನೆರಡಡಿ ತೋಡಪ್ಪ, ಏನಾಗಲ್ಲ” ಎಂಬ ಮಾತು ಇಟ್ಟಿರಿ. ನಾನು ತೋಡಿದೆ. ಇದಕ್ಕೆ ಕಾರಣವೇನೆಂದು ಎರಡನೆಯ ನೋಟುಪುಸ್ತಕದಲ್ಲಿ ಆಮೇಲೆ ತಿಳಿಯಿತು: ‘ಬಾವಿಯವನು ಕೆಳಗೆ ಬೀಳಲಿ. ದ್ವೀಪ ಎಷ್ಟು ತೆಳು ಎಂದು ಓದುಗರಿಗೆ ಗೊತ್ತಾಗಬೇಕು.’ ದಪ್ಪ ತಿಳಿಯಲು ಒಂದು ಅಳತೆಕೋಲು ಸಾಕಿತ್ತು ಎಂದು ವಿನಯದಿಂದ ಸೂಚಿಸುತ್ತೇನೆ. ಇಡೀ ಗಂಡಸು ಬೇಕಿರಲಿಲ್ಲ.

ಇನ್ನು ಹಗ್ಗದ ವಿಚಾರ. ನಾನು ಬಿದ್ದಾಗ ಅದು ನಾರಿನ ಹಗ್ಗವಾಗಿತ್ತು. ನಾಲ್ಕನೆಯ ನೋಟುಪುಸ್ತಕದಲ್ಲಿ, ಇಷ್ಟು ಎತ್ತರದಲ್ಲಿ ನಾರಿನ ಗಿಡ ಬೆಳೆಯಲಾರದು ಎಂದು ತಮಗೆ ಹೊಳೆದು, ಅದು ತೊಗಲಿನ ಹಗ್ಗವಾಯಿತು. ಏಳನೆಯದರಲ್ಲಿ, ತೊಗಲಿಗೆ ದನ ಬೇಕು, ದನಕ್ಕೆ ಹುಲ್ಲು ಬೇಕು, ಅಷ್ಟು ಹುಲ್ಲು ಎಲ್ಲಿದೆ ಎಂಬ ಪ್ರಶ್ನೆ ಎದ್ದು, ತಾವು ‘ತೊಗಲು’ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಹಗ್ಗ ಯಾವುದರದು? ಆಮೇಲೆ ನೋಡೋಣ’ ಎಂದು ಬರೆದಿರಿ. ಮೂರು ವಾರ ನಾನು ಆ ‘ಆಮೇಲೆ ನೋಡೋಣ’ವನ್ನು ಹಿಡಿದುಕೊಂಡು ನೇತಾಡಿದೆ. ಅದರ ಅನುಭವವನ್ನು ವಿವರಿಸಿ ತಮ್ಮ ಸಮಯ ವ್ಯರ್ಥ ಮಾಡುವುದಿಲ್ಲ. ಕೈಗೆ ಏನೂ ಸಿಗುತ್ತಿರಲಿಲ್ಲ, ಆದರೂ ಬಿಡುವಂತಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಎಂಟನೆಯ ಪುಸ್ತಕದಲ್ಲಿ ತೀರ್ಪು ಬಂತು: ದ್ವೀಪದ ಹೆಂಗಸರು ತಮ್ಮ ಕೂದಲಿನಿಂದ ಹಗ್ಗ ಹೊಸೆಯುತ್ತಾರೆ. ಒಳ್ಳೆಯ ಕಲ್ಪನೆ. ಈಗ ನನ್ನ ಬಲಗೈಯಲ್ಲಿ ಉಳಿದಿರುವ ಆ ಒಂದೆಳೆ ಯಾರ ತಲೆಯದೆಂದು ನನಗೆ ಗೊತ್ತು. ಅದು ಯಾವ ಜಾಗದಲ್ಲಿ ಗುಂಗುರಾಗುತ್ತದೆ ಎಂಬುದೂ ಗೊತ್ತು. ನನ್ನ ಹೆಂಡತಿಯದು. ಮೇಲೆ, ಬಾವಿಯ ಬಾಯಲ್ಲಿ, ರಾಟೆಯ ಹಿಡಿ ಹಿಡಿದು ಆರು ವರ್ಷದಿಂದ ನಿಂತಿರುವವಳೂ ಅವಳೇ. ತಮ್ಮ ಹಸ್ತಪ್ರತಿಯಲ್ಲಿ ಅವಳ ಬಗ್ಗೆ ಇರುವುದು ‘ಒಬ್ಬ ಹೆಂಗಸು ರಾಟೆಯ ಬಳಿ ಇದ್ದಳು’ ಎಂಬ ಐದು ಪದ. ಅವಳು ಕೂರುವುದಕ್ಕೆ ಆರನೆಯ ಪದ ಬೇಕಾಗುತ್ತದೆ.

ಐದನೆಯ ನೋಟುಪುಸ್ತಕದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ದ್ವೀಪಗಳಲ್ಲಿ ಮದುವೆಯೆಂಬ ಪದ್ಧತಿಯೇ ಇರುವುದಿಲ್ಲ ಎಂದು ತಾವು ಅದರಲ್ಲಿ ಒಂದು ಬೆಳಿಗ್ಗೆ ಬರೆದಿರಿ. ಆ ಕ್ಷಣದಲ್ಲೇ ಮೇಲಿನಿಂದ ಒಂದು ಧ್ವನಿ ಕೇಳಿಸಿತು:

“ಯಾರ್ರೀ ಅದು ಕೆಳಗಡೆ?”

“ನಾನೇ ಕಣೇ.”

“ನಾನೇ ಅಂದ್ರೆ ಯಾರು? ಕಣೇ ಗಿಣೇ ಎಲ್ಲ ಬೇಡ. ಮರ್ಯಾದೆ ಕೊಟ್ಟು ಮಾತಾಡಿ.”

ಹನ್ನೊಂದು ದಿನ ಹೀಗೇ ನಡೆಯಿತು, ಮಾನ್ಯರೇ. ಅವಳಿಗೆ ನಾನು ಯಾರೋ ಆಗಿದ್ದೆ. ಗುರುತಿಲ್ಲ, ಪರಿಚಯವಿಲ್ಲ, ಹಗ್ಗದ ತುದಿಯಲ್ಲಿ ಒಂದು ಭಾರ ಮತ್ತು ಒಂದು ಒರಟು ಧ್ವನಿ. ಅವಳು ಹಿಡಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ತಮ್ಮ ಹನ್ನೊಂದು ಪುಸ್ತಕಗಳಲ್ಲಿ ಎಲ್ಲಿಯೂ ಬರೆದಿಲ್ಲ. ನಾನು ಎಲ್ಲವನ್ನೂ ಕೇಳಿಸಿಕೊಂಡವನು, ಇದ್ದಿದ್ದರೆ ಗೊತ್ತಾಗುತ್ತಿತ್ತು. ಹನ್ನೆರಡನೆಯ ದಿನ ತಮ್ಮ ಅಕ್ಕ ಬಂದು, ಪುಟ ತಿರುಗಿಸಿ, “ಮದುವೆ ಇಲ್ದೆ ಕಥೆಯೊಳಗೆ ಜಗಳ ಎಲ್ಲಿಂದ ತರ್ತೀಯೇ?” ಎಂದು ಕೇಳಿದ ಮೇಲೆ ತಾವು ಆ ಸಾಲನ್ನು ಹೊಡೆದುಹಾಕಿದಿರಿ. ಮೇಲಿನಿಂದ ತಕ್ಷಣ “ಇನ್ನೂ ಅಲ್ಲೇ ಇದೀರಾ? ನಿಮ್ಮದು ಎಲ್ಲಾ ಕೆಲಸಾನೂ ನಿಧಾನ” ಎಂಬ ಮಾತು ಬಂತು. ಆ ಮಾತು ಕೇಳಿ ನನಗಾದಷ್ಟು ಸಮಾಧಾನ ತಮ್ಮ ಎರಡು ಚಂದ್ರರು ಒಟ್ಟಿಗೆ ಹುಟ್ಟಿದ ದಿನವೂ ಆಗಿರಲಿಲ್ಲ.

ತಮ್ಮ ಅಕ್ಕನವರಿಗೆ ಈ ಪತ್ರದ ಮೂಲಕ ನನ್ನ ವಿಶೇಷ ಕೃತಜ್ಞತೆಗಳನ್ನು ತಿಳಿಸಬೇಕು. ಅವರು ಮನೆಗೆ ಬಂದಾಗಲೆಲ್ಲ, ಚಪ್ಪಲಿ ಬಿಡುವ ಮೊದಲೇ, “ಆ ಬಾವಿಯವನು ಇನ್ನೂ ನೇತಾಡ್ತಾ ಇದಾನೇನೇ? ಪಾಪ ಕಣೇ!” ಎನ್ನುತ್ತಾರೆ. ತಾವು ಪ್ರತಿಸಲವೂ ಕೊಡುವ ಉತ್ತರ ಒಂದೇ: “ಇರಕ್ಕ, ಮೊದಲು ದ್ವೀಪ ಯಾಕೆ ತೇಲುತ್ತೆ ಅಂತ ಗೊತ್ತಾಗ್ಲಿ. ಆಮೇಲೆ ಅವನನ್ನ ನೋಡ್ಕೊಳ್ಳೋಣ.” ಇದಕ್ಕಾಗಿ ತಾವು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಕಲ್ಲುಗಳಲ್ಲಿ ಹಗುರ ಗಾಳಿ ತುಂಬಿದಿರಿ. ದ್ವೀಪಗಳು ಚೆಂಡಿನಂತೆ ಪುಟಿದು ನನಗೆ ಮೂರು ದಿನ ತಲೆಸುತ್ತು. ಒಂದು ಸಲ ಕಬ್ಬಿಣದ ಸೆಳೆತ ಎಂದಿರಿ. ನನ್ನ ಸೊಂಟದಲ್ಲಿದ್ದ ಪಿಕಾಸಿ ಮೇಲಕ್ಕೆ ಹಾರಿ ತಳಕ್ಕೆ ಅಂಟಿಕೊಂಡಿತು, ಇವತ್ತಿಗೂ ಅಲ್ಲೇ ಇದೆ. ಒಂದು ಸಲ ರಾಜಕುಮಾರನ ಪುಣ್ಯದಿಂದ ತೇಲುತ್ತವೆ ಎಂದು ಬರೆದು, ತಮಗೇ ನಾಚಿಕೆಯಾಗಿ ಹಾಳೆ ಹರಿದಿರಿ. ಆ ಹೊತ್ತಿನಲ್ಲಿ ದ್ವೀಪ ಸ್ವಲ್ಪ ಕೆಳಗಿಳಿದದ್ದು ನನಗೆ ಅಡಿಯಿಂದ ಚೆನ್ನಾಗಿ ಗೊತ್ತಾಯಿತು.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ ಪತ್ರ ಬರೆಯುತ್ತಿದ್ದಾನೆ ಎಂದು ತಾವು ಕೇಳಬಹುದು. ನಿನ್ನೆ ಮಧ್ಯಾಹ್ನ ಪ್ರಕಾಶಕರ ಫೋನು ಬಂತು. ಸ್ಪೀಕರ್ ಹಾಕಿದ್ದಿರಿ. “ಮೇಡಂ, ಬಾವಿಗೀವಿ ಯಾರಿಗೆ ಬೇಕು? ರಾಜಕುಮಾರ, ಕತ್ತಿ, ಅಲ್ಲಿಂದ ಶುರು ಮಾಡಿ. ಸೋಮವಾರ ಕಳಿಸ್ತೀರಾ?” ಎಂದು ಅವರು ಕೇಳಿದರು. ಅಲ್ಲೇ ಕೂತಿದ್ದ ಅಕ್ಕನವರು “ಅವನನ್ನ ತೆಗೆದ್ರೆ ನಾನಂತೂ ಓದಲ್ಲ, ಹೇಳಿದೀನಿ” ಎಂದರು. ತಾವು ಫೋನು ಇಟ್ಟ ಮೇಲೆ ನಿಟ್ಟುಸಿರು ಬಿಟ್ಟು, “ಸೋಮವಾರದೊಳಗೆ ತೇಲೋದಕ್ಕೆ ಕಾರಣ ಹೊಳೀಲಿಲ್ಲ ಅಂದ್ರೆ ಮೂರನೇ ಅಧ್ಯಾಯ ತೆಗೆದುಬಿಡ್ತೀನಿ” ಎಂದು ಗೋಡೆಯ ನಕಾಶೆಗೆ ಹೇಳಿದಿರಿ. ಈಗ ಕೆಂಪು ಪೆನ್ಸಿಲು ನನ್ನ ತಲೆಯ ಮೇಲೆ, ಸರಿಯಾಗಿ ‘ಬಾವಿ’ ಎಂಬ ಪದದ ಪಕ್ಕದಲ್ಲಿ, ಅಡ್ಡ ಮಲಗಿದೆ. ಇಲ್ಲಿಂದ ನೋಡಿದರೆ ಅದು ಮರದ ತೊಲೆಯಷ್ಟು ದೊಡ್ಡದಾಗಿ ಕಾಣುತ್ತದೆ. ಇವತ್ತು ಶನಿವಾರ.

ಆದ್ದರಿಂದ ನನ್ನ ಕೋರಿಕೆಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಸಾಧ್ಯವಾದರೆ ಭೂಮಿಯ ಸೆಳೆತಕ್ಕೆ ವಾರಕ್ಕೊಂದು ದಿನ ರಜೆ ಕೊಡಬೇಕು. ನನ್ನ ಬಲಗೈಗೂ ಅಂದು ವಿಶ್ರಾಂತಿ. ಎರಡನೆಯ ಚಂದ್ರ ನೇರವಾಗಿ ಕಣ್ಣಿಗೇ ಹೊಡೆಯುವುದರಿಂದ ಅವನನ್ನು ಅರ್ಧ ಗೇಣು ಎಡಕ್ಕೆ ಸರಿಸಬೇಕು. ದ್ವೀಪದವರು ಪಾತ್ರೆ ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತಾರೆ ಎಂಬ ಬಗ್ಗೆ ಒಂಬತ್ತನೆಯ ಪುಸ್ತಕದಲ್ಲಿ ತಾವು ಹನ್ನೆರಡು ಪುಟ ಚರ್ಚಿಸಿ ಪ್ರಶ್ನೆಯನ್ನು ತೆರೆದಿಟ್ಟಿದ್ದೀರಿ. ಅವರು ಹತ್ತಿರದ ತೂತಿನಲ್ಲಿ ಚೆಲ್ಲುತ್ತಾರೆ, ಆ ತೂತು ನಾನು ತೋಡಿದ್ದು, ಪ್ರಶ್ನೆಯನ್ನು ಮುಚ್ಚಬಹುದು. ಇವೆಲ್ಲ ಕಷ್ಟವಾದರೆ ಬಿಡಿ. ಒಂದೇ ಒಂದು ವಾಕ್ಯ ಸಾಕು. ತಮಗೆ ಬಿಡುವಿಲ್ಲವೆಂದು ಅದನ್ನೂ ನಾನೇ ಬರೆದಿಟ್ಟಿದ್ದೇನೆ: ‘ಅವಳು ಅವನನ್ನು ಮೇಲಕ್ಕೆಳೆದುಕೊಂಡಳು, ಆಮೇಲೆ ಕೂತಳು.’ ಉಪಮೆ ಬೇಡ, ಸೂರ್ಯಾಸ್ತ ಬೇಡ. ತಾವು ಇದನ್ನು ತಮ್ಮ ಕೈಯಲ್ಲಿ ಬರೆದರೆ ಮಾತ್ರ ನಡೆಯುತ್ತದೆ. ನಾನು ಬರೆದದ್ದಕ್ಕೆ ಈ ಲೋಕದಲ್ಲಿ ಬೆಲೆಯಿಲ್ಲ, ಮೂರು ಸಲ ಬರೆದು ನೋಡಿಯಾಯಿತು.

ತಮ್ಮ ಸೃಷ್ಟಿಯ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ತಾವು ಕೂರುವ ಕುರ್ಚಿಯ ಒಂದು ಕಾಲು ಗಿಡ್ಡ. ಅದು ಅಲ್ಲಾಡದೆ ನಿಂತಿರುವುದು ಅದರ ಕೆಳಗೆ ಯಾರೋ ಮಡಿಚಿ ತುರುಕಿದ ಕಾಗದದಿಂದ. ತಾವು ಆರು ವರ್ಷ ಅದರ ಮೇಲೆ ಕೂತು ಲೋಕ ಕಟ್ಟಿದಿರಿ, ಒಮ್ಮೆಯೂ ಬಗ್ಗಿ ನೋಡಲಿಲ್ಲ. ಅದು ತಮ್ಮ ತಪ್ಪೆಂದು ನಾನು ಹೇಳುತ್ತಿಲ್ಲ. ತಮ್ಮ ನಾಲ್ಕೂ ನಕಾಶೆಗಳು ದ್ವೀಪಗಳನ್ನು ಮೇಲಿನಿಂದಲೇ ತೋರಿಸುತ್ತವೆ ಎಂದಷ್ಟೇ ಗಮನಕ್ಕೆ ತರುತ್ತಿದ್ದೇನೆ.

ಇಂತು, ಹಗ್ಗದಲ್ಲಿ ಉಳಿದಷ್ಟೇ ಉಳಿದುಕೊಂಡಿರುವ,
ತಮ್ಮ ವಿಶ್ವಾಸಿ,
ಬಾವಿ ತೋಡುವವನು
(ಮೂರನೆಯ ಅಧ್ಯಾಯ, ಕೊನೆಯ ಸಾಲು, ಪೂರ್ಣವಿರಾಮದ ಸ್ವಲ್ಪ ಕೆಳಗೆ)

ತಾ.ಕ.: ದ್ವೀಪಗಳು ಯಾಕೆ ತೇಲುತ್ತವೆ ಎಂಬುದು ನನಗೆ ಗೊತ್ತು. ತಮ್ಮ ಇಡೀ ಲೋಕದಲ್ಲಿ ಅಡಿಯಿಂದ ನೋಡಿದವನು ನಾನೊಬ್ಬನೇ. ಬಿದ್ದ ಮೊದಲನೆಯ ದಿನವೇ ತಲೆಯೆತ್ತಿದಾಗ ಕಂಡಿತು. ಹೇಳಲು ನನ್ನ ಅಭ್ಯಂತರವೇನೂ ಇಲ್ಲ, ಆದರೆ ಮೇಲೆ ಬಂದು, ಗಟ್ಟಿ ನೆಲದ ಮೇಲೆ ಕೂತು, ಒಂದು ಚೊಂಬು ನೀರು ಕುಡಿದ ಮೇಲೆಯೇ ಹೇಳುವುದು. ಕೆಂಪು ಪೆನ್ಸಿಲು ಎತ್ತುವ ಮೊದಲು ಇದನ್ನು ಒಮ್ಮೆ ಯೋಚಿಸಿ. ಹೆಂಡತಿಗೆ ಮಾತ್ರ ನಿನ್ನೆ ಕೂಗಿ ಹೇಳಿದೆ. ಅವಳು “ಅಷ್ಟೇನಾ?” ಎಂದು ನಗಲು ಶುರುಮಾಡಿದವಳು ಇನ್ನೂ ನಿಲ್ಲಿಸಿಲ್ಲ. ಅವಳು ನಕ್ಕಾಗಲೆಲ್ಲ ರಾಟೆ ಅಲುಗುತ್ತದೆ, ರಾಟೆ ಅಲುಗಿದಾಗಲೆಲ್ಲ ಎಳೆ ಸವೆಯುತ್ತದೆ. ನಗಬೇಡ ಎಂದು ನಾನಂತೂ ಅವಳಿಗೆ ಹೇಳಲಾರೆ. ಆರು ವರ್ಷದಲ್ಲಿ ಇದೇ ಮೊದಲ ಸಲ ನಕ್ಕಿದ್ದಾಳೆ. ಆದಕಾರಣ ತಾವೇ ಸ್ವಲ್ಪ ಬೇಗ ಬರೆಯಬೇಕು.