ನೊರೆ ಬಾರದ ಬಾಟಲಿ

ಆ ಭಾನುವಾರ ಬೆಳಿಗ್ಗೆ ವೀರವ್ವನ ತಲೆಯ ಮೇಲೆ ನೊರೆ ಏಳಲಿಲ್ಲ. ಅದರ ಬದಲು ಓಣಿ ಎದ್ದಿತು.

ಹಿರೇಕೆರೂರಿನ ಆ ಓಣಿಯಲ್ಲಿ ಒಂದು ಮನೆಯ ವಸ್ತು ಇನ್ನೊಂದು ಮನೆಗೆ ಹೋಗಲು ಗೋಡೆಗಳ ಅಪ್ಪಣೆ ಬೇಕಿರಲಿಲ್ಲ. ಶರಣು ಫೋನಿನಲ್ಲಿ ತರಿಸಿ ಬಚ್ಚಲೊಲೆಯ ಪಕ್ಕದ ಗೂಡಿನಲ್ಲಿ ಜೋಪಾನವಾಗಿಟ್ಟಿದ್ದ ಹಸಿರು ಬಾಟಲಿಯಿಂದ ಅವನ ತಾಯಿ ಫಕ್ಕೀರವ್ವ ಒಂದು ಬೊಗಸೆಯಷ್ಟನ್ನು ನೆರೆಮನೆಯ ವೀರವ್ವನಿಗೆ ಎರೆದುಕೊಳ್ಳಲೆಂದು ಕೊಟ್ಟಿದ್ದಳು. ವೀರವ್ವ ಉಜ್ಜಿದಳು, ನೀರು ಸುರಿದಳು, ಮತ್ತೆ ಉಜ್ಜಿದಳು. ತಲೆ ಹಗುರಾಗುವ ಬದಲು, ಚುನಾವಣೆಯ ಪೋಸ್ಟರು ಅಂಟಿಸಲು ಅಂಟು ಬಳಿದಿಟ್ಟ ಗೋಡೆಯಂತಾಯಿತು. ಅದೇ ತಲೆಯನ್ನು ಹೊತ್ತು, ಹನಿ ತೊಟ್ಟಿಕ್ಕಿಸುತ್ತ ಆಕೆ ಬಾಗಿಲಿಗೆ ಬಂದು ನಿಂತಳು.

“ಇದೇನ ಕೊಟ್ಟೀಯವಾ ಫಕ್ಕೀರವ್ವಕ್ಕಾ? ನೊರೀನ ಬರವಲ್ದು. ತಲ್ಯಾಗ ಇಟ್ಟ ಕೈ ವಾಪಸ್ ಬರವಲ್ದು.”

ಶರಣು ಒಳಗಿನಿಂದ ಓಡಿಬಂದ. “ಚಿಗವ್ವಾ, ಅದು ತೊಳಿಯೋದಲ್ಲ. ತೊಳದ ಮ್ಯಾಲ ಹಚ್ಗೊಂಡು ಬಿಡೋದು. ಗುಂಗುರ ಕೂದಲಿಗೆ ಮಾಡಿದ್ದು.”

“ಗುಂಗುರ ನಿನ್ನ ತಲಿ. ನನ್ನ ತಲಿ ನೆಟ್ಟಗ ಇತ್ತಲ್ಲೋ ಮುಂಜಾನಿ ತನಕ.”

ನೆಟ್ಟಗಿನ ತಲೆಗಳಿಗೂ ಶರಣುವಿಗೂ ಹಳೆಯ ವೈರ. ಅವನ ಕೂದಲು ಹುಟ್ಟಿದಂದಿನಿಂದ ಯಾವ ಬಾಚಣಿಕೆಯ ಮಾತನ್ನೂ ಕೇಳಿದ್ದಲ್ಲ. ಸವಣೂರಿನಲ್ಲಿ ನೋಡಿದ ಮೊದಲ ಹುಡುಗಿ, ಹುಡುಗ ಚಲೋ, ತಲೆಯಷ್ಟೇ ಕುರಿಯದು ಎಂದಿದ್ದಳು. ಶಿಗ್ಗಾವಿಯ ಎರಡನೆಯ ಹುಡುಗಿಯ ಸೋದರತ್ತೆ, ಇದರಲ್ಲಿ ಗುಬ್ಬಿ ಗೂಡು ಕಟ್ಟುವುದಿಲ್ಲವೇ ಎಂದು ಚಹಾ ಕೊಡುವಾಗಲೇ ವಿಚಾರಿಸಿದ್ದಳು. ಮೂವತ್ತು ದಾಟಿದ ಶರಣು ಅಂದೇ ನಿರ್ಧರಿಸಿದ್ದ: ಇನ್ನು ಮುಂದೆ ಎಣ್ಣೆ ಮೆತ್ತಿ ಮಲಗಿಸಿದ ತಲೆಯನ್ನು ಯಾರಿಗೂ ತೋರಿಸುವುದಿಲ್ಲ. ಒಪ್ಪುವವಳು ಸುರುಳಿ ಸುರುಳಿಯಾಗಿಯೇ ಒಪ್ಪಲಿ. ಇಂದು ತಿಳವಳ್ಳಿಯ ಮೂರನೆಯ ಹುಡುಗಿಯನ್ನು ನೋಡುವ ದಿನ. ಮೊದಲ ಸಲ ಗಂಡಸರು ಹೋಗಿ ಬರುವುದು, ಕೂಡಿಬಂದರೆ ಆಮೇಲೆ ಹೆಂಗಸರು ಹೋಗುವುದು ಎಂದು ಗೊತ್ತಾಗಿತ್ತು.

ಅಷ್ಟರಲ್ಲಿ ಸೋದರಮಾವ ಕರಬಸಪ್ಪ ಒಂದು ಕೈಯಲ್ಲಿ ಕೊಬ್ಬರಿ ಎಣ್ಣೆಯ ಶೀಸೆ, ಇನ್ನೊಂದು ಕೈಯಲ್ಲಿ ಬಿಳಿ ಟೊಪ್ಪಿಗೆ ಹಿಡಿದು ಬಂದ. ಕೇಳದೆಯೇ ಟೊಪ್ಪಿಗೆಯನ್ನು ಅಳಿಯನ ತಲೆಗೆ ಒತ್ತಿದ. ಅದು ಕುದಿಯುವ ಅನ್ನದ ಗಡಿಗೆಯ ಮುಚ್ಚಳದಂತೆ ಮೆಲ್ಲಗೆ ಮೇಲೆದ್ದು, ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಬಿತ್ತು.

“ಮಾಮಾ, ಟೊಪಗಿ ಬ್ಯಾಡ. ಎಣ್ಣೀನೂ ಬ್ಯಾಡ. ತಲಿ ನಂದು, ಹೆಂಗೈತೋ ಹಂಗ ಬರ್ತೈತಿ.”

“ತಲಿ ನಿಂದಪಾ, ಮರ್ಯಾದಿ ನಂದಲ್ಲೇನು? ಏನೈತಿ ಅಂಥಾದ್ದು ಆ ಬಾಟ್ಲ್ಯಾಗ?”

ಶರಣು ಇದಕ್ಕೇ ಕಾದಿದ್ದ. ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಗೋವಿನಜೋಳ ಪರೀಕ್ಷಿಸುವುದು ಅವನ ಉದ್ಯೋಗ. ಚೀಲದ ಬಾಯಿಯಲ್ಲಿ ಹೊಳೆಯುವ ಕಾಳನ್ನು ನಂಬದೆ, ಕಬ್ಬಿಣದ ಕೊಳವೆ ಚುಚ್ಚಿ ತಳದ ಕಾಳನ್ನು ಹೊರಗೆಳೆದು ಹಸಿಯೆಷ್ಟು, ಕಸವೆಷ್ಟು ಎಂದು ಹೇಳುವವನು. ಬಾಟಲಿಯನ್ನೂ ಹಾಗೆಯೇ ತಿರುಗಿಸಿ ಹಿಡಿದ.

“ಮುಂದ ಬರದದ್ದು ಚೀಲದ ಬಾಯಿ ಇದ್ದಂಗ, ಮಾಮಾ. ಕ್ಲೀನ್ ಅಂತ ಯಾರರ ಬರಕೋಬಹುದು, ಆ ಮಾತು ತೂಗಾಕ ತಕ್ಕಡಿ ಇಲ್ಲ. ಹಿಂದಿಂದು ಓದಬೇಕು. ಕೇಳ್ರಿ. ಸಲ್ಫೇಟ್ ಇಲ್ಲ, ಪ್ಯಾರಾಬೆನ್ ಇಲ್ಲ, ಸಿಲಿಕೋನ್ ಇಲ್ಲ, ಸೆಂಟ್ ಇಲ್ಲ, ಪ್ರಿಸರ್ವೇಟಿವ್ ಇಲ್ಲ.”

“ಎಲ್ಲಾ ಇಲ್ಲಂದ್ರ, ಐತ್ಯಾದ್ರೂ ಏನ?” ಎಂದಳು ವೀರವ್ವ. “ಖಾಲಿ ಬಾಟ್ಲಿ ಕೊಟ್ಟು ರೊಕ್ಕ ಇಸಗೊಂಡಾರ ನಿನ್ನ ಕಡಿಂದ.”

“ನೀರೈತಿ, ಅಗಸಿ ಐತಿ, ಲೋಳಸರ ಐತಿ.”

“ಅಗಸಿ? ಯವ್ವಾ, ಚಟ್ನಿ ಮಾಡಿ ತಿನ್ನೂದನ್ನ ತಲಿಗೆ ಬಳಕೊಳ್ಳಾಕತ್ತಾನ.”

“ಬಾಯಿಗೆ ಹೋಗುವಂಥಾದ್ದನ್ನ ತಲಿಗೆ ಹಚ್ಚಬೇಕು ಚಿಗವ್ವಾ, ಅದು ಖರೇ ಕ್ಲೀನ್. ಇದನ್ನ ರೊಟ್ಟಿಗೆ ಹಚ್ಗೊಂಡು ತಿಂದ್ರೂ ಏನೂ ಆಗೂದಿಲ್ಲ.”

ಮಗನ ಮಾತುಗಳನ್ನು ಸಾಮಾನ್ಯವಾಗಿ ಗಾಳಿಗೆ ಬಿಡುತ್ತಿದ್ದ ಫಕ್ಕೀರವ್ವ ಇದೊಂದನ್ನು ಗಮನವಿಟ್ಟು ಕೇಳಿಸಿಕೊಂಡಳು.

ಕರಬಸಪ್ಪ ಮಾತು ಬದಲಿಸಿದ. “ಬಾಟ್ಲಿ ಸುದ್ದಿ ಸಾಕು. ಹುಡುಗಿ ಸುದ್ದಿ ಕೇಳು. ಪೂಜಾ ಅಂತ. ಅಂಥಾ ಹುಡುಗಿ ಸಿಗೂದಿಲ್ಲ. ಸಿಟ್ಟಿಲ್ಲ, ಸೆಡವಿಲ್ಲ, ಎದುರ ಮಾತಿಲ್ಲ.”

“ಇದೂ ಅದ ಬಾಟ್ಲಿ ಆತಲ್ಲೋ ತಮ್ಮಾ,” ಎಂದಳು ವೀರವ್ವ. “ಐತೇನ ಅದನ್ನ ಹೇಳು.”

“ಒಲಿ ಮುಂದ ಕುಂತ್ರ ತಾಸಗಟ್ಲೆ ಏಳೂದಿಲ್ಲಂತ. ಅಷ್ಟು ಕೆಲಸಗಾರ್ತಿ.”

ಶರಣು ತಲೆ ತೊಳೆದು, ಬಾಟಲಿಯಲ್ಲಿ ಉಳಿದದ್ದನ್ನೆಲ್ಲ ಒಂದೊಂದು ಎಳೆಗೂ ಹಚ್ಚಿಕೊಂಡ. ಹುಳಿ ಬಂದ ಅಂಬಲಿಯಂಥ ವಾಸನೆಯೊಂದು ಮೂಗಿಗೆ ತಾಗಿತು. ಸೆಂಟು ಹಾಕದ ಸತ್ಯಕ್ಕೆ ಇಷ್ಟಾದರೂ ವಾಸನೆ ಇರಲೇಬೇಕೆಂದು ಸಮಾಧಾನ ಮಾಡಿಕೊಂಡ.

ಬಸ್ಸಿನಲ್ಲಿ ಆ ಸತ್ಯ ಅರಳಿತು. ರಸ್ತೆಯ ಎರಡೂ ಬದಿ ಗೋವಿನಜೋಳ ಒಕ್ಕುವ ಕಾಲ. ಕಿಟಕಿಯಿಂದ ಬಂದ ಹೊಟ್ಟೆಲ್ಲ ಅವನ ತಲೆಯಲ್ಲಿ ಶಾಶ್ವತ ನೆಲೆ ಕಂಡಿತು. ಹಿಂದಿನ ಸೀಟಿನಲ್ಲಿ ಆಡಿನ ವ್ಯಾಪಾರಿ ಹುಸೇನಸಾಬ, ಸಂತೆಯಲ್ಲಿ ಮಾರದೆ ಉಳಿದ ಒಂದು ಆಡನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದ. ಅದು ಮೊದಲು ಮೂಸಿತು. ಬಳಿಕ ಬಹಳ ದಿನಗಳಿಂದ ಹುಡುಕುತ್ತಿದ್ದುದು ಸಿಕ್ಕಂತೆ ಶರಣುವಿನ ನೆತ್ತಿಯನ್ನು ನಿಧಾನವಾಗಿ ನೆಕ್ಕಿತು.

“ತಪ್ಪ ತಿಳಕೋಬ್ಯಾಡ್ರಿ,” ಎಂದ ಹುಸೇನಸಾಬ ವಿನಯದಿಂದ. “ಅಗಸಿ ಹಿಂಡಿ ಅಂದ್ರ ಅದಕ್ಕ ಜೀವ. ನಿಮ್ಮ ತಲ್ಯಾಗ ಹಿಂಡಿ ಐತೇನ್ರಿ?”

“ಇನ್ನರ ಟೊಪಗಿ ಹಾಕ್ಕೋ ಅಳಿಯಾ,” ಎಂದ ಕರಬಸಪ್ಪ.

“ಆಡಿಗೆ ಅಂಜಿ ತಲಿ ಮುಚ್ಚೂ ಮಗ ನಾನಲ್ಲ ಮಾಮಾ.”

ತಿಳವಳ್ಳಿಯ ಮನೆಯ ಹೊಸ್ತಿಲಲ್ಲೇ ಬೇಯಿಸಿದ ಅಗಸೆಯ ವಾಸನೆ ಎದುರಾಯಿತು. ಅದು ತನ್ನ ತಲೆಯಿಂದಲೇ ಬರುತ್ತಿದೆಯೆಂದು ಭಾವಿಸಿ ಶರಣು ಜಗಲಿಯ ಅಂಚಿಗೆ, ಗಾಳಿಯ ದಿಕ್ಕು ನೋಡಿಕೊಂಡು ಕುಳಿತ. ನೊಣಗಳು ದಿಕ್ಕು ನೋಡಲಿಲ್ಲ. ಹುಡುಗಿಯ ತಂದೆ ಮಾತಿನ ನಡುವೆ ಎರಡು ಸಲ ಮೂಗು ಸವರಿಕೊಂಡರು.

ಆಗ ಪೂಜಾ ಚಹಾದ ತಟ್ಟೆ ಹಿಡಿದು ಬಂದಳು. ಶರಣು ನೊಣಗಳನ್ನು ಮರೆತ. ಅವಳ ಕೂದಲು ಬಿಚ್ಚಿಕೊಂಡಿತ್ತು, ಹೆಗಲ ಮೇಲೆ ಇಳಿದಿತ್ತು, ಮತ್ತು ಗುಂಗುರಾಗಿತ್ತು. ನಿಂತ ನೀರಿಗೆ ಯಾರೋ ಮೆಲ್ಲಗೆ ಕಲ್ಲೆಸೆದು, ಎದ್ದ ಅಲೆಗಳನ್ನು ಹಾಗೆಯೇ ನಿಲ್ಲಿಸಿದಂತೆ. ಇಷ್ಟು ವರ್ಷ ತಾನೊಬ್ಬನೇ ಹೊತ್ತು ತಿರುಗಿದ ಹಟಕ್ಕೆ ಈ ಊರಿನಲ್ಲಿ ಒಂದು ಜೊತೆಯಿತ್ತೆಂದು ತಿಳಿದು ಅವನು ತನ್ನ ಸುರುಳಿಗಳನ್ನೊಮ್ಮೆ ಮುಟ್ಟಿಕೊಂಡ.

“ಏನೋ ಹುಳಿ ವಾಸನಿ ಬರಾಕತ್ತೈತಲ್ರೀ,” ಎಂದರು ತಂದೆ, ಇನ್ನು ತಡೆಯಲಾರದೆ.

“ಬಸ್ಸಿನ್ಯಾಗ ಒಂದು ಆಡಿತ್ರಿ ಯಜಮಾನ್ರ,” ಎಂದ ಕರಬಸಪ್ಪ.

ಅವಳೆದುರು ಆಡಿನ ಹಿಂದೆ ಅಡಗುವುದು ಶರಣುವಿಗೆ ಸಾಧ್ಯವಿರಲಿಲ್ಲ. ಎದ್ದು ನಿಂತ. “ಆಡಿನ ಮ್ಯಾಲ ಹಾಕಬ್ಯಾಡ ಮಾಮಾ. ವಾಸನಿ ನನ್ನ ತಲೀದ್ರಿ. ತಲಿ ತಪ್ಪಲ್ಲ, ಬಾಟ್ಲಿ ತಪ್ಪು. ಕ್ಲೀನ್ ಅಂತ ಬರದು ಹೊಲಸ ತುಂಬಿ ಮಾರ್ಯಾರ. ಮಂದಿ ತಲಿ ಬೋಳಸೂ ಕಳ್ಳರು.”

ಪೂಜಾ ತಟ್ಟೆಯನ್ನು ಕೆಳಗಿಟ್ಟಳು. “ಹಸರ ಬಾಟ್ಲಿ ಏನ್ರಿ?”

“ಹೌದ್ರಿ.”

“ಎಂದ ತರಸಿದ್ರಿ?”

“ದಸರಾದಾಗ್ರಿ.”

“ಈಗ ಗೌರಿ ಹುಣ್ವಿ ದಾಟೇತಿ, ತಿಂಗಳ ಮ್ಯಾಲಾತು. ಎಲ್ಲಿಟ್ಟಿದ್ರಿ?”

“ಬಚ್ಚಲ ಒಲಿ ಬಾಜೂಕ್ರಿ.”

“ಹಿಂದ ಬರದದ್ದ ಓದಲಿಲ್ಲೇನ್ರಿ?”

“ಓದಲಾರದ ನಾ ಏನೂ ಹಚ್ಗೊಳ್ಳೂದಿಲ್ರಿ,” ಎಂದ ಶರಣು, ಇದ್ದ ಮಾನವನ್ನೆಲ್ಲ ಒಟ್ಟುಗೂಡಿಸಿ. “ಪ್ರಿಸರ್ವೇಟಿವ್ ಇಲ್ಲ ಅಂತ ಛಂದಾಗಿ ಬರದಾರ.”

“ಅದಿಲ್ಲ ಅಂದ್ರ ಲಗೂನ ಕೆಡತೈತಿ ಅಂತ ಅರ್ಥರಿ. ಮನ್ಯಾಗ ಮಾಡಿದ ಸಾರು ಮರುದಿನಕ್ಕ ಹಳಸೂದಿಲ್ಲೇನು? ನೀವು ಇಲ್ಲ ಅನ್ನೂದನ್ನಷ್ಟ ಓದೀರಿ. ಅದರ ಕೆಳಗ ತಂಪಿನ್ಯಾಗ ಇಡ್ರಿ, ಹದಿನೈದು ದಿನದಾಗ ಮುಗಸ್ರಿ ಅಂತ ಐತಿ. ಅದರ ಕೆಳಗ ಮಾಡಿದವರ ಊರೂ ಐತಿ.”

“ಯಾವೂರವಾ?” ಎಂದ ಕರಬಸಪ್ಪ, ಸುಮ್ಮನಿರಲಾರದೆ.

“ತಿಳವಳ್ಳಿರಿ.”

ಅವಳು ಅಡುಗೆಮನೆಯ ಪರದೆ ಸರಿಸಿದಳು. ಒಲೆಯ ಮೇಲೆ ದೊಡ್ಡ ಪಾತೆಲೆಯಲ್ಲಿ ಅಗಸೆ ಲೋಳೆಲೋಳೆಯಾಗಿ ಕುದಿಯುತ್ತಿತ್ತು. ಹಲಗೆಯ ಮೇಲೆ ಹಸಿರು ಬಾಟಲಿಗಳು ತಲೆಕೆಳಗಾಗಿ ಒಣಗುತ್ತಿದ್ದವು.

“ಕಳ್ಳಿ ನಾನ್ರಿ.”

ಶರಣು ಮಾವನ ಕಡೆ ನೋಡಿದ. ಸಿಟ್ಟಿಲ್ಲ, ಸೆಡವಿಲ್ಲ, ಎದುರು ಮಾತಿಲ್ಲ ಎಂದಿದ್ದ ಮಾವ ಮಾಡಿನ ಹೆಂಚುಗಳನ್ನು ಎಣಿಸತೊಡಗಿದ್ದ.

“ಹಿರೇಕೆರೂರಿಂದ ತರಸೂ ಗಿರಾಕಿ ನೀವೊಬ್ಬರ,” ಎಂದಳು ಪೂಜಾ. ದನಿ ಈಗ ಸ್ವಲ್ಪ ಇಳಿದಿತ್ತು. “ಸಂಬಂಧದ ಮಾತು ಬಂದಾಗ ನಿಮ್ಮ ಹೆಸರ ನೋಡೇ ಬರ್ರಿ ಅಂತ ಹೇಳಿ ಕಳಿಸಿದ್ದೆ. ಇದ್ದ ತಲಿ ಇದ್ದಂಗ ಹೊತ್ಕೊಂಡು ಬಂದೀರಿ, ಅದು ಸೇರಿತು. ಬೈದದ್ದು ನನ್ನ ಕೈಕೆಲಸಕ್ಕ, ಅದು ಸೇರಲಿಲ್ಲ.” ಒಳಗಿನಿಂದ ತುಂಬಿದ ಬಾಟಲಿಯೊಂದನ್ನು ತಂದು ಅವನ ಮುಂದಿಟ್ಟಳು. “ಒಲಿ ಮ್ಯಾಲಿಂದೆಲ್ಲಾ ಮಂದಿ ಹೇಳಿಟ್ಟಿದ್ದು. ಹೊಸ ಅಗಸಿ ಬರೂತನಕ ಮತ್ತ ಕುದಸೂದಿಲ್ಲ. ಉಳದದ್ದು ಇದೊಂದ. ಮುಂದಿನ ಐತಾರ ಇದನ್ನ ಹಚ್ಗೊಂಡು ಬರ್ರಿ, ತಲಿ ನೋಡಿ ನನ್ನ ಮಾತು ಹೇಳ್ತೇನಿ. ಇದೂ ಕೆಟ್ಟಿತು, ಚೆಲ್ಲಿತು ಅಂತ ಸಬೂಬು ಹೇಳೂದಿದ್ರ ಬರಾಕ ಹೋಗಬ್ಯಾಡ್ರಿ.”

ತಂದೆ ಕೆಮ್ಮಿದರು. ಅವಳು ಅವರ ಕಡೆ ತಿರುಗಲಿಲ್ಲ. ಶರಣುವಿಗೆ ಅವಳ ಆ ತಿರುಗದಿರುವಿಕೆಯೇ ಬಹಳ ಹಿಡಿಸಿತು.

ಮರಳುವ ದಾರಿಯುದ್ದಕ್ಕೂ ಅವನು ಬಾಟಲಿಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಆಸ್ಪತ್ರೆಯಿಂದ ಮನೆಗೆ ತರುವ ಕೂಸಿನಂತೆ ಎದೆಗವಚಿಕೊಂಡಿದ್ದ. ಹಿರೇಕೆರೂರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಡುಗೆಮನೆಯಲ್ಲಿ ಕುಡಿಯುವ ನೀರಿನ ಗಡಿಗೆಯ ಪಕ್ಕ, ಒದ್ದೆ ಉಸುಕಿನ ಮೇಲೆ ಅದನ್ನು ನಿಲ್ಲಿಸಿದ. ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗ ಇರಲಿಲ್ಲ.

“ಏನಾತೋ? ಹುಡುಗಿ ಏನಂದ್ಲು?” ಫಕ್ಕೀರವ್ವನ ಹಿಂದೆ ವೀರವ್ವನೂ ಇದ್ದಳು, ತಲೆಗೆ ಇನ್ನೂ ಟವೆಲು ಸುತ್ತಿಕೊಂಡು.

“ಚಲೋ ಅದಾಳ ಯವ್ವಾ. ಇದನ್ನ ತನ್ನ ಕೈಲೆ ಮಾಡಿ ಕೊಟ್ಟಾಳ. ಇದರ ಮ್ಯಾಲ ಎಲ್ಲಾ ನಿಂತೈತಿ,” ಎಂದಷ್ಟೇ ಹೇಳಿ, ಹುಳಿತ ತಲೆಯನ್ನು ತೊಳೆಯಲು ಶರಣು ಬಚ್ಚಲಿಗೆ ನಡೆದ. ಹೊಟ್ಟು, ಅಂಟು, ಆಡಿನ ಎಂಜಲು ಎಲ್ಲವೂ ಬಿಡಲು ಬಹಳ ಹೊತ್ತು ಹಿಡಿಯಿತು. ನೀರು ಸುರಿದುಕೊಳ್ಳುತ್ತ ಅವನು ಹಾಡಿದ್ದನ್ನು ಓಣಿ ಮೊದಲ ಬಾರಿ ಕೇಳಿತು.

ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಇಬ್ಬರೂ ಹೆಂಗಸರು ಒಲೆಯ ಮುಂದೆ ಕುಳಿತು ಊಟ ಮಾಡುತ್ತಿದ್ದರು. ತಟ್ಟೆಯಲ್ಲಿ ಬಿಸಿ ರೊಟ್ಟಿ, ಜಜ್ಜಿದ ಬೆಳ್ಳುಳ್ಳಿ, ಖಾರದ ಪುಡಿ. ಅವುಗಳ ನಡುವೆ ತೆಳ್ಳಗೆ, ನುಣ್ಣಗೆ, ಹೊಳೆಯುತ್ತ ಹರಡಿದ್ದು ಪೂಜಾಳ ಕೈಕೆಲಸ.

“ಯವ್ವಾ,” ಎಂದ ಶರಣು.

“ಬಾರೋ, ಕುಂದ್ರು. ಇದರ ಮ್ಯಾಲ ಎಲ್ಲಾ ನಿಂತೈತಿ ಅಂದಿ. ಸೊಸಿ ಆಗಾಕಿ ಕೈರುಚಿ ನಾ ನೋಡಬೇಕಲ್ಲ?” ಎಂದಳು ಫಕ್ಕೀರವ್ವ. “ರೊಟ್ಟಿಗೆ ಹಚ್ಗೊಂಡು ತಿಂದ್ರ ಏನೂ ಆಗೂದಿಲ್ಲಂತ ನೀನ ಹೇಳಿದ್ದಿ ಮುಂಜಾನಿ.”

ವೀರವ್ವ ಕೊನೆಯ ತುತ್ತನ್ನು ತಟ್ಟೆಯ ಅಂಚಿಗೆ ಒರೆಸಿ ಬಾಯಿಗಿಟ್ಟು, ನ್ಯಾಯ ಹೇಳುವವಳಂತೆ ಕಣ್ಣು ಮುಚ್ಚಿ ಚಪ್ಪರಿಸಿದಳು. “ಹುಡುಗಿ ಕೈ ಅಡ್ಡಿಯಿಲ್ಲ. ಉಪ್ಪ ಮಾತ್ರ ಇಲ್ಲ.”

ಶರಣು ಗಡಿಗೆಯ ಪಕ್ಕದ ಖಾಲಿ ಬಾಟಲಿಯನ್ನು ಎತ್ತಿ ದೀಪಕ್ಕೆ ಹಿಡಿದ. ಹಿಂದೆ ತಿರುಗಿಸಿ, ಈ ಸಲ ಒಂದು ಸಾಲೂ ಬಿಡದೆ, ತಿಳವಳ್ಳಿಯ ತನಕ ಓದಿದ. ಮೋಸವೆಂಬುದು ಎಲ್ಲಿಯೂ ಇರಲಿಲ್ಲ. ಬರೆದದ್ದು ಅಕ್ಷರ ಅಕ್ಷರವೂ ನಿಜವಾಗಿತ್ತು: ಸಲ್ಫೇಟ್ ಇಲ್ಲ, ಪ್ಯಾರಾಬೆನ್ ಇಲ್ಲ, ಸಿಲಿಕೋನ್ ಇಲ್ಲ.