ಉಡಿ ತುಂಬಿದ ಮ್ಯಾಲ ಕುಂದರಂಗಿಲ್ಲ

ಮನ್ಯಾಗ ಸಣ್ಣ ಹುಡುಗೂರು ಇದ್ರ ಟಿ.ವಿ. ಹಚ್ಚೂ ಕೆಲಸಾನ ಇರಂಗಿಲ್ಲ. ದಿನಾ ಒಂದಿಲ್ಲೊಂದು ನಡದ ಇರತೈತಿ.

ರಬಕವಿಯೊಳಗ ನಮ್ಮ ಮನಿ ಮುಂದಿನ ಎರಡು ಖೋಲಿ ಬಿಹಾರದವರಿಗೆ ಬಾಡಿಗಿ ಕೊಟ್ಟೇನಿ. ಗಂಡ ಟೈಲ್ಸ್ ಕೂಡಸೂ ಮಿಸ್ತ್ರಿ, ಇವತ್ತ ಮುಧೋಳದಾಗ ಇದ್ರ ನಾಳಿ ಬೀಳಗಿಯೊಳಗ. ಹೆಂಡತಿ ನಮ್ಮ ಮಗ್ಗದ ಖೋಲ್ಯಾಗ ನನ್ನ ಜೋಡಿ ನೂಲು ಸುತ್ತತಾಳ. ಐದು ವರ್ಷದ ಮಗಳು, ನಾಕು ವರ್ಷದ ಮಗ. ಎರಡೂ ಇಲ್ಲೇ ಹುಟ್ಟಿದ್ದು, ನನಗ ಆಯಿ, ಅಂದ್ರ ಅಜ್ಜಿ, ಅಂತಾವು. ಮಗಳಂತೂ ಮಾತು, ನಡಿಗಿ, ಸಿಟ್ಟು ಎಲ್ಲಾ ನಂದ ಕಲತಾಳ.

ಅದ ತ್ರಾಸಿಗೆ ಬಂತು. ಫೋನಿನ್ಯಾಗ ಮೊಮ್ಮಗಳ ಮಾತು ಕೇಳಿದ ಅವರ ದಾದಿ, ಅಂದ್ರ ಅಪ್ಪನ ತಾಯಿ, "ಹುಡುಗಿ ನಮ್ಮಾಕಿ ಅಲ್ಲದಂಗ ಆಗ್ಯಾಳ. ನಾನ ಬಂದು ಕರಕೊಂಡು ಹೋಗ್ತೀನಿ, ಇಲ್ಲೇ ಸಾಲಿಗೆ ಹಾಕ್ತೀನಿ" ಅಂತ ಹಟ ಹಿಡದ್ಲು. ಆಕಿ ಮಗ ಮಿಸ್ತ್ರಿ ತಾಯಿ ಮುಂದ ಪಿಟ್ಟಂತ ಅನ್ನಾಂವ ಅಲ್ಲ. ಸೊಸಿ ನೂಲು ಸುತ್ತಕೋತ ಕಣ್ಣೀರು ಒರಸಕೋತಾಳ. ಖೋಲಿ ಬಾಡಿಗಿ ಕೊಟ್ಟಾಕಿ ನಾ ಏನಂತ ಹೇಳ್ಲಿ? ಆ ಹುಡುಗಿ ಇಲ್ಲದ ಮನಿ ನನಗ ಬ್ಯಾಡಾಗಿತ್ತು.

೧. ಊಟ ಆತೇನ್ರಿ?

ನಮ್ಮ ಕಡೆ ಮನಿಗೆ ಬಂದವರಿಗೆ ಮೊದಲು "ಊಟ ಆತೇನ್ರಿ?" ಅಂತ ಕೇಳೋದು ರೂಢಿ. ಬಂದವರು "ಆತ್ರಿ" ಅನ್ನೋದೂ ರೂಢಿ. ಹೊಟ್ಟಿ ಚುರುಚುರು ಅಂತಿದ್ರೂ ಆತ್ರಿ.

ಒಂದಿನ ಲೈಟಿನ ಮೀಟರ್ ನೋಡಾಂವ ಬಂದ. ಕಟ್ಟಿ ಮ್ಯಾಲ ಕುಂತಿದ್ದ ಹುಡುಗಿ ನನ್ನಂಗ ಟೊಂಕದ ಮ್ಯಾಲ ಕೈ ಇಟ್ಟು, "ಊಟ ಆತೇನ್ರಿ?" ಅಂದ್ಲು. ಸಣ್ಣ ಹುಡುಗಿ ಅಂತ ಆಂವ ಚ್ಯಾಷ್ಟಿ ಮಾಡಿದ. "ಎಲ್ಲಿದವ್ವ, ಯಾರೂ ಕರದ ಇಲ್ಲ."

"ಆಯಿ, ಇವರಿಗೆ ಯಾರೂ ಊಟಕ್ಕ ಹಾಕಿಲ್ಲಂತ" ಅಂತ ಓಣಿಗೆಲ್ಲ ಕೇಳೂಹಂಗ ಒದರಿ, ಕೈ ಹಿಡದು ಒಳಗ ಎಳಕೊಂಡು ಬಂದು, ತಾಟ ತಂದು ಇಟ್ಟ ಬಿಟ್ಲು. ಇನ್ನ ನಾ ಏನ್ ಮಾಡ್ಲಿ? ಆಂವ "ಬ್ಯಾಡ್ರಿ, ಬ್ಯಾಡ್ರಿ" ಅನಕೋತ ಎರಡು ರೊಟ್ಟಿ, ಬದನಿಕಾಯಿ ಪಲ್ಯ ಮುಗಿಸಿ ಎದ್ದ.

ಮುಂದಿನ ತಿಂಗಳು ಆಂವ ಮೀಟರ್ ನೋಡಾಕ ಬಂದದ್ದು ಸರಿಯಾಗಿ ಮಧ್ಯಾಹ್ನ ಒಂದಕ್ಕ. ಮೀಟರಿನ ಕಡೆ ನೋಡೂಕಿಂತ ಮೊದಲ ಕೇಳಿದ, "ಆ ಸಣ್ಣ ಹುಡುಗಿ ಎಲ್ಲೈತ್ರಿ?"

೨. ಮೊಲ ಹಿಡಿಯೂ ನಾಯಿ

ಸಣ್ಣಾಂವನ್ನ ಅವರಪ್ಪ ಒಮ್ಮೆ ಮುಧೋಳಕ್ಕ ಕೆಲಸದ ಮ್ಯಾಲ ಕರಕೊಂಡು ಹೋಗಿದ್ದ. ಟೈಲ್ಸ್ ಹಾಕಸಾಕತ್ತ ಮನಿಯವರು ಮುಧೋಳ ನಾಯಿ ಸಾಕಿದ್ರು. ಉದ್ದನ್ನ ಕಾಲು, ಒಳಗ ಹೋದ ಹೊಟ್ಟಿ, ಎಣಿಸಬೇಕಂದ್ರ ಎಲುಬು ಎಣಿಸಬಹುದು. ಯಜಮಾನ್ರು ಅದರ ಜಾತಿ, ಅದರ ಅಪ್ಪ, ಅದರ ಮುತ್ಯಾನ ತನಕ ಹೇಳಾಕತ್ತಿದ್ರಂತ. ಇಂವ ಸುಮ್ನ ಹೋಗಿ ತನ್ನ ಬುತ್ತಿ ಬಿಚ್ಚಿ ರೊಟ್ಟಿ ತಂದು ನಾಯಿ ಮುಂದ ಇಟ್ಟು, "ಇದಕ್ಕ ಮನ್ಯಾಗ ಏನೂ ಕೊಡಂಗಿಲ್ಲೇನ್ರಿ?" ಅಂದ.

ಯಜಮಾನ್ರಿಗೆ ಮಾರಿ ಸಣ್ಣದಾತು. "ಇದು ಮೊಲದ ಬೆನ್ನ ಹತ್ತಿ ಹಿಡಿಯೂ ನಾಯಿಲೇ ತಮ್ಮಾ. ಹಿಂಗ ಇರಬೇಕು" ಅಂದ್ರು.

ಇಂವ ನಾಯಿ ತಲಿ ಸವರಿ ಅಂದ, "ಹೊಟ್ಟಿ ತುಂಬ ಹಾಕಿದ್ರ ಅದ್ಯಾಕ ಮೊಲದ ಬೆನ್ನ ಹತ್ತತೈತ್ರಿ?"

೩. ಹಸರ ಜಂಪರ ಪೀಸ

ಮುತ್ತೈದಿ ಮನಿಗೆ ಬಂದು ಹೊರಟ್ರ ಆಕಿ ಸೆರಗಿನ್ಯಾಗ ಅಕ್ಕಿ, ಕೊಬ್ಬರಿ, ಜಂಪರ ಪೀಸ ಹಾಕಿ ಉಡಿ ತುಂಬಿ ಕಳಸಬೇಕು. ಆ ಜಂಪರ ಪೀಸ ಯಾರೂ ಹೊಲಸಂಗಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತು. ಅದು ಮನಿಯಿಂದ ಮನಿಗೆ ತಿರಗಾಕ ಇರೂದು.

ಜಮಖಂಡಿಯಿಂದ ಬೀಗತಿ ಬಂದಿದ್ರು. ಹೊರಟಾಗ ಟ್ರಂಕಿನ್ಯಾಗಿಂದ ಒಂದು ಹಸರ ಪೀಸ ತಗದು ಉಡಿ ತುಂಬಿದ್ನಿ. ಹುಡುಗಿ ಬಗ್ಗಿ ನೋಡಿದ್ಲು. "ಆಯಿ, ಇದು ದೀಪಾವಳಿಗೆ ಇವರ ನಿನಗ ಕೊಟ್ಟದ್ದಲ್ಲ? ನೋಡು, ಅದ ಅರಿಷಿಣದ ಕಲಿ."

ನನಗ ನೆಲಾ ಸೀಳಿ ಒಳಗ ಹೋಗ್ಲಿ ಅನಿಸ್ತು. ಬೀಗತಿ ಕಲಿ ನೋಡಿದ್ರು, ನನ್ನ ನೋಡಿದ್ರು. ಆಮ್ಯಾಲ ಪೀಸ ತಿರುಗಿ ನನ್ನ ಕೈಯಾಗ ಇಟ್ಟು ಅಂದ್ರು, "ನೀವ ಇಟ್ಟಕೋರಿ. ಆ ಕಲಿ ನನಗ ಕೊಟ್ಟವರ ಮನ್ಯಾಗಿಂದು."

ಅವರು ಹೋದ ಮ್ಯಾಲ ಹುಡುಗಿ ಕೇಳಿದ್ಲು, "ಉಡಿ ತುಂಬಿದ ಕೂಡ್ಲೆ ಎದ್ದು ಯಾಕ ಹೋದ್ರು?"

ಸಿಟ್ಟಿನ್ಯಾಗ ಅಂದ್ನಿ, "ಉಡಿ ತುಂಬಿದ ಮ್ಯಾಲ ಕುಂದರಂಗಿಲ್ಲ. ಹೋಗಬೇಕು." ಅಂದದ್ದನ್ನ ನಾ ಅವತ್ತ ಮರತ್ನಿ. ಆಕಿ ಮರೀಲಿಲ್ಲ.

೪. ದಾದಿ ಬಂದ್ಲು

ಎರಡು ದಿನ ರೈಲಿನ್ಯಾಗ, ಆಮ್ಯಾಲ ಬಸ್ಸಿನ್ಯಾಗ ಕುಂತು ದಾದಿ ಬಂದ್ಲು. ಬೈತಲಿ ತುಂಬ ಸಿಂಧೂರ, ಗಟ್ಟಿ ಹೆಣಮಗಳು. ಬರೂ ಮೊದಲ ಹೋಗಾಕ ಎರಡು ಟಿಕೀಟ ತಗಿಸಿದ್ಲು, ಒಂದು ತನ್ನದು, ಒಂದು ಮೊಮ್ಮಗಳದು. ಕೈಕಾಲು ತೊಳಕೊಂಡು ಚಾಪಿ ಮ್ಯಾಲ ಕುಂತ್ಲು. ಚಾ ಇನ್ನ ಒಲಿ ಮ್ಯಾಲ ಇತ್ತು.

ಅಷ್ಟರಾಗ ಹುಡುಗಿ ಕಾಳು ಕೇರೂ ಮರದಾಗ ಅಕ್ಕಿ, ಒಂದು ಕೊಬ್ಬರಿ ಬಟ್ಟಲ, ನನ್ನ ಟ್ರಂಕಿನ ಹಸರ ಪೀಸ ಇಟ್ಟಕೊಂಡು ಬಂದ್ಲು. ದಾದಿ ಸೆರಗು ಎಳದು ಉಡಿ ತುಂಬಿ, ಹಣಿಗೆ ಕುಂಕುಮ ಹಚ್ಚಿ, ಕಾಲಿಗೆ ಬಿದ್ದು, ಬಾಗಲಾ ಪೂರಾ ತಗದು ನಿಂತ್ಲು. "ಸಾವಕಾಶ ಹೋಗ್ರಿ ದಾದಿ."

ಸೊಸಿ ಮಾರಿ ಬೆಳ್ಳಗಾತು. ದಾದಿ ಏನಿದು ಅಂತ ಹಿಂದಿಯೊಳಗ ಕೇಳಿದ್ಲು. ಹುಡುಗಿ ತನ್ನ ಅರ್ಧಮರ್ಧ ಹಿಂದಿಯೊಳಗ ತಾನ ಹೇಳಿದ್ಲು, ಉಡಿ ತುಂಬಿದ ಮ್ಯಾಲ ಯಾರೂ ಕುಂದರಂಗಿಲ್ಲಂತ, ಆಯಿ ಹೇಳ್ಯಾಳಂತ. ನಾ ಬಾಗಲ ಹಿಂದ ಸರದ್ನಿ.

ದಾದಿ ಉಡ್ಯಾಗಿನ ಅಕ್ಕಿ ಕೈಯಾಗ ಹಿಡದು ನೋಡಿದ್ಲು. ಆಮ್ಯಾಲ ನಗಾಕತ್ತಿದ್ಲು, ನಕ್ಕು ನಕ್ಕು ಕಣ್ಣಾಗ ನೀರು ಬಂತು. "ನಮ್ಮ ಕಡೆ ಮಗಳು ತವರಮನಿ ಬಿಟ್ಟು ಹೊರಟ್ರ ಹಿಂಗ ಸೆರಗಿನ್ಯಾಗ ಅಕ್ಕಿ ಹಾಕಿ ಕಳಸ್ತೀವಿ. ಅಕ್ಕಿ ಹಾಕೂದು ಆ ಮನಿಯವರು. ಈಕಿ ನನಗ ಹಾಕಿದ್ಲಂದ್ರ ಇದು ಈಕಿ ಮನಿ, ಈಕಿ ತವರಮನಿ ಆತು. ತವರಮನಿ ಬಿಡಸೂ ಕೆಲಸ ನನಗ ಬ್ಯಾಡ" ಅಂದ್ಲು. ಸೊಸಿ ಅಲ್ಲೇ ಕುಂತು ಅತ್ಲು. ನಾ ಅಡಗಿಮನಿಗೆ ಹೋಗಿ ಅತ್ನಿ.

ದಾದಿ ಹದಿನೈದು ದಿನ ಇದ್ದು, ಒಂದ ಟಿಕೀಟಿನ ಮ್ಯಾಲ ಹೊರಟ್ಲು. ಹೋಗೂ ಮುಂದ ನನ್ನ ಚಾಪಿ ಮ್ಯಾಲ ಕೂಡಿಸಿ, "ಹುಡುಗೂರನ್ನ ನೋಡಕೋರಿ" ಅಂತ ನನ್ನ ಉಡಿ ತುಂಬಿದ್ಲು. ಅದ ಹಸರ ಪೀಸ. ಆಟೋ ಓಣಿ ದಾಟೂತನಕ ನೋಡಿ ಕಣ್ಣು ಒರಸಕೊಂಡು ಒಳಗ ಬಂದ್ನಿ.

ಹುಡುಗಿ ನನ್ನ ಚಪ್ಪಲಿ ತಂದು ಹೊಸ್ತಿಲದ ಹೊರಗ ಜೋಡಿಸಿ ಇಟ್ಟು ನಿಂತಿದ್ಲು.

"ಸಾವಕಾಶ ಹೋಗ್ರಿ ಆಯಿ. ಮನಿ ನಾ ನೋಡಕೋತೀನಿ."