ಮಾವನ ಹನ್ನೆರಡು ವೋಲ್ಟು

ನನ್ನ ಸೋದರಮಾವನಿಗೆ ಕರೆಂಟಿನ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಇನ್ನೂರಮೂವತ್ತು ವೋಲ್ಟಿನ ಮೇಲೆ. ಅದು ಅಹಂಕಾರದ ಕರೆಂಟಂತೆ. ಮರ್ಯಾದಸ್ಥರ ಕರೆಂಟು ಹನ್ನೆರಡೇ ವೋಲ್ಟಿನದು!

ಪಾಣೆಮಂಗಳೂರಿನ ಮನೆಯೆದುರು ಅವರು ಹಳೆಯ ವ್ಯಾನೊಂದನ್ನು ತಂದು ನಿಲ್ಲಿಸಿದರು. ಸೀಟು ಕಿತ್ತು ಮಂಚ ಹಾಕಿ, ಮಂಚದಡಿ ಬ್ಯಾಟರಿ ಇಟ್ಟು, ಅದನ್ನೇ ಸಂಚಾರಿ ಮನೆ ಮಾಡಿದರು. ಕಾರಣ ಅತ್ತೆ. ಅವರಿಗೆ ಉಬ್ಬಸ. ಔಷಧಿಯನ್ನು ಮಂಜಿನಂತೆ ಮಾಡಿ ಮೂಗಿಗೆ ಕೊಡುವ ನೆಬುಲೈಸರ್ ಯಾವ ಗಳಿಗೆಯಲ್ಲೂ ಬೇಕಾಗಬಹುದು. ಮುಂಡಾಜೆಯಲ್ಲಿರುವ ಅವರ ಅಕ್ಕನ ಮನೆಯಲ್ಲೋ, ಹೋದ ಕರೆಂಟು ಮರಳಿ ಬರುವುದು ಅದರ ಇಷ್ಟ. ಆ ಹೆದರಿಕೆಗೆ ಅತ್ತೆ ಅಲ್ಲಿ ಉಳಿಯುವುದನ್ನೇ ಬಿಟ್ಟಿದ್ದರು.

"ವ್ಯಾನಿಗೆ ಒಂದು ಇನ್ವರ್ಟರ್ ಹಾಕಿದರಾಯಿತಲ್ಲ?" ಎಂದೆ.

"ಎಂಥ ಮಾರಾಯ, ಹನ್ನೆರಡನ್ನು ಇನ್ನೂರಮೂವತ್ತಕ್ಕೆ ಹತ್ತಿಸಿ ಪುನಃ ಇಳಿಸುವುದಾ? ಇಲ್ಲಿಂದ ಬಂಟ್ವಾಳ ಪೇಟೆಗೆ ಹೋಗ್ಲಿಕ್ಕೆ ಚಾರ್ಮಾಡಿ ಘಾಟಿ ಹತ್ತಿ ಇಳಿಯುತ್ತಾರಾ ಯಾರಾದರೂ? ಅವಳ ಮಿಷನಿಗೂ ಹನ್ನೆರಡೇ ಬೇಕಾದ್ದು."

ಮೊದಲು ಫ್ಯಾನು. ವಯರು ಅದಲು ಬದಲಾಗಿ ಅದು ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಗೋಡೆಗೆ ಬೀಸಿತು. ಮಾವ ವಯರು ಬಿಚ್ಚಿದರೆಂದುಕೊಂಡಿರಾ? ಇಲ್ಲ, ಫ್ಯಾನನ್ನೇ ಹಿಂದುಮುಂದಾಗಿ ನಿಲ್ಲಿಸಿದರು. ಈಗ ಅದು ಗೋಡೆ ನೋಡುತ್ತಾ ನಮಗೆ ಗಾಳಿ ಹಾಕುತ್ತದೆ.

ಆಮೇಲೆ ನನ್ನ ವೈಫೈ ಡಬ್ಬಿ. ಮೂಡುಬಿದಿರೆಯ ಮದುವೆಯೊಂದಕ್ಕೆ ಹೋಗುವಾಗ, ತೋಡಾರು ದಾಟುವ ಮೊದಲೇ ಸುಟ್ಟ ವಾಸನೆ ಬಂತು. ಎಂಜಿನ್ ಓಡುವಾಗ ಹನ್ನೆರಡು ವೋಲ್ಟು ಹದಿನಾಲ್ಕು ದಾಟುತ್ತದೆ ಎಂಬುದು ಮಾವನಿಗೆ ಗೊತ್ತಾದದ್ದು ಹೀಗೆ.

"ಒಳ್ಳೆಯದೇ ಆಯ್ತು, ಒಂದು ವಿಷಯ ಗೊತ್ತಾಯ್ತಲ್ಲ" ಎಂದರು. ಒಳ್ಳೆಯದಾದದ್ದು ಯಾರಿಗೆ?

ವೋಲ್ಟನ್ನು ಹನ್ನೆರಡಕ್ಕೇ ಹಿಡಿದಿಡುವ ಪುಟ್ಟ ಪೆಟ್ಟಿಗೆಯೊಂದು ಬಂತು. ನೆರೆಮನೆಯವರ ದೀಪ, ನನ್ನ ತಂಗಿಯ ಸ್ಪೀಕರು, ಎಲ್ಲವೂ ಸರದಿಯಲ್ಲಿ ವ್ಯಾನು ಹತ್ತಿದವು. ನೆಬುಲೈಸರ್ ಮಾತ್ರ ಹತ್ತಲಿಲ್ಲ.

"ಊರವರ ಸಾಮಾನೆಲ್ಲ ಆಯ್ತಲ್ಲ ಮಾರಾಯ್ರೆ, ನನ್ನದು ಯಾವಾಗ?" ಎಂದು ಅತ್ತೆ ಕೇಳಿದರೆ, "ಇನ್ನೊಂದು ಸಲ ನೋಡುವ" ಎನ್ನುವರು. ಈ ಮನುಷ್ಯನಿಗೆ ಬೇಕಾದದ್ದು ಆಟ, ಅತ್ತೆ ಬರೀ ನೆಪ ಎಂದೇ ನಾನು ತೀರ್ಮಾನಿಸಿದ್ದೆ.

ಕೊನೆಗೊಮ್ಮೆ ಮುಂಡಾಜೆಗೆ ಹೊರಟೆವು. ನಾನೂ ಜೊತೆಗಿದ್ದೆ. ಸಂಜೆ ಅಕ್ಕತಂಗಿಯರು ಜಗಲಿಯಲ್ಲಿ ನಗುತ್ತಾ ಕೂತಿದ್ದಾಗ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಅತ್ತೆಯ ಉಸಿರು ಕಟ್ಟತೊಡಗಿತು. ಅವರನ್ನು ವ್ಯಾನಿನ ಮಂಚದಲ್ಲಿ ಕೂರಿಸಿದೆವು. ಮಾವ ನೆಬುಲೈಸರಿನ ಪಿನ್ನು ಹಿಡಿದರು. ಊರವರ ಸಾಮಾನನ್ನೆಲ್ಲ ಕಣ್ಣುಮುಚ್ಚಿ ಚುಚ್ಚಿದ ಆ ಕೈ ಈಗ ಅರ್ಧದಲ್ಲೇ ನಿಂತಿತು. ಚುಚ್ಚುವ ಮೊದಲು ವೋಲ್ಟು ಅಳೆಯುವ ಮೀಟರು ಇಟ್ಟು ನೋಡಿದರು, ಅದರ ಗಾಜು ಒರೆಸಿ ಮತ್ತೆ ನೋಡಿದರು. ಅತ್ತೆಯ ಮಿಷನು ಸುಡಬಾರದೆಂದೇ ನಮ್ಮ ಸಾಮಾನನ್ನೆಲ್ಲ ಮೊದಲು ಚುಚ್ಚಿ ನೋಡಿದ್ದೆಂದು ನನಗೆ ಆಗ ಅರ್ಥವಾಯಿತು. ಅವರ ಮೇಲೆ ತಡೆಯಲಾರದ ಪ್ರೀತಿ ಬಂತು.

ಯಂತ್ರ ಗುರ್ರೆಂದಿತು. ಮಾಸ್ಕಿನೊಳಗೆ ಬೆಳ್ಳಗೆ ಮಂಜು ತುಂಬಿತು. ಅತ್ತೆಯ ಎದೆಯ ಸುಯ್ಯೆನ್ನುವ ಸದ್ದು ನಿಧಾನ ಇಳಿಯಿತು. ಮಾವ ಮಾತ್ರ ಬಾಗಿ ಕೂತು ಮೀಟರಿನ ಅಂಕಿಯನ್ನೇ ನೋಡುತ್ತಿದ್ದರು, ಕಣ್ಣು ತೆಗೆದರೆ ಅದೆಲ್ಲಿ ಬಿದ್ದುಹೋಗುತ್ತದೋ ಎನ್ನುವ ಹಾಗೆ.

ಅತ್ತೆ ಮಾಸ್ಕನ್ನು ಸ್ವಲ್ಪ ಸರಿಸಿದರು.

"ಅದನ್ನು ಕೆಳಗಿಡಿ ಮಾರಾಯ್ರೆ. ನನ್ನನ್ನು ನೋಡಿ, ಉಸಿರಾಡ್ತಾ ಇದ್ದೇನೆ."